ನಲವತ್ತೊಂದನೇ ಇಲಿ

ಶ್ವಾಸಕೋಶ ಸಂಶೋಧನಾ ಕೇಂದ್ರದ ನಲವತ್ತು ಇಲಿಗಳೂ ಪೂರ್ಣ ಆರೋಗ್ಯದಿಂದಿದ್ದವು. ಇದನ್ನು ಗಂಭೀರ ಲೋಪವೆಂದು ಪರಿಗಣಿಸಲಾಯಿತು.

ಎದೆಯೊಳಗೆ ಹುಟ್ಟಿನಿಂದಲೇ ಕಾವಲಿಗಿರುವ ಕೆಲವು ಜೀವಕಣಗಳಿವೆ. ನಿರುಪದ್ರವಿ ಧೂಳನ್ನು ಕಂಡರೂ ಅವು ಕಳ್ಳನೆಂದು ಕೂಗಿ, ಇಲಿಗೆ ಹೆದರಿದವರಂತೆ ಮನೆಗೇ ಬೆಂಕಿಯಿಡುತ್ತವೆ. ಉಬ್ಬಸವೆಂದರೆ ಅದೇ. ಈ ದುಡುಕನ್ನು ಅಭ್ಯಸಿಸಲು ಇಲಿಗಳಿಗೆ ಎರಡು ವರ್ಷ ಧೂಳು ಮೂಸಿಸಲಾಗಿತ್ತು. ಅವು ಮೂಸಿದವು, ಕಾಳು ತಿಂದವು, ದುಂಡಗಾದವು.

ಉಬ್ಬಸ ಬಂದದ್ದು ಪಂಜರ ತೊಳೆಯುವ ಅಟೆಂಡರಿಗೆ. ಆತ ನಿರ್ದೇಶಕಿಯ ಮುಂದೆ ಅರ್ಜಿ ಹಿಡಿದು ನಿಂತ.

"ಮೇಡಂ, ಉಸಿರು ಸಿಗ್ತಿಲ್ಲ. ಇಲಿಕೋಣೆ ಬಿಡಿಸಿ ತೋಟದ ಕೆಲಸಕ್ಕೆ ಹಾಕಿ."

"ಸೀಟಿ ಹೊಡೆದ ಹಾಗೆ ಸದ್ದು ಬರುತ್ತಾ?"

"ಕುಕ್ಕರ್ ಥರ ಬರುತ್ತೆ."

ಮೇಡಂ ಕಣ್ಣು ತುಂಬಿ ಬಂತು. "ಇಷ್ಟು ದಿನ ಯಾಕಪ್ಪಾ ಹೇಳಲಿಲ್ಲ!"

ಆತನ ಕಫವನ್ನು ಪರೀಕ್ಷಿಸಲಾಯಿತು. ಕಾವಲು ಕಣಗಳು ಜಾತ್ರೆಯಂತೆ ನೆರೆದಿದ್ದವು. ಆದರೆ ಯೋಜನೆಗೆ ಮಂಜೂರಾಗಿದ್ದದ್ದು ಇಲಿ. ಸಮಿತಿ ಸೇರಿ ನಿರ್ಣಯಿಸಿತು: "ಇಲಿಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ಉಸಿರಾಡುವ ಯಾವುದೇ ಜೀವಿಯನ್ನು, ಈ ಯೋಜನೆಯ ಮಟ್ಟಿಗೆ, ಇಲಿಯೆಂದೇ ಭಾವಿಸತಕ್ಕದ್ದು."

ಅರ್ಜಿ ಷರಾ ಸಮೇತ ಹಿಂದಿರುಗಿತು: ಇಲಿಗಳಿಗೆ ವರ್ಗಾವಣೆ ಇಲ್ಲ. ಔಷಧಿಯೂ ಇಲ್ಲ, ಫಲಿತಾಂಶ ಕೆಡುತ್ತದೆ.

"ಇಲಿ ಅಂದ್ರೇನ್ರೀ?" ಮನೆಯಲ್ಲಿ ಷರಾ ಓದಿದ ಹೆಂಡತಿ ಕೇಳಿದಳು.

"ಕಾಗದದಲ್ಲಿ ಮಾತ್ರ ಕಣೇ."

"ಆಯ್ತು. ಯೋಜನೆ ಮುಗಿದ್ಮೇಲೆ ಇಲಿಗಳನ್ನ ಏನ್ ಮಾಡ್ತಾರೆ?"

ಹಿಂದಿನ ಯೋಜನೆಗಳು ಮುಗಿದಾಗ ಇಲಿಗಳಿಂದ ಕೊಯ್ದು ತೆಗೆದ ಶ್ವಾಸಕೋಶಗಳ ತಟ್ಟೆ ಹೊತ್ತವನು ಆತನೇ. ಎದೆ ಸೀಟಿ ಹಾಕಿತು.

ಮರುದಿನ ಮೇಡಂ ಬರುವ ಮೊದಲೇ ಬಾಗಿಲಲ್ಲಿ ನಿಂತಿದ್ದ.

"ಯೋಜನೆ ಯಾವಾಗ ಮುಗಿಯುತ್ತೆ ಮೇಡಂ?"

"ಮಾರ್ಚಿಗೆ. ಫಲಿತಾಂಶ ಚೆನ್ನಾಗಿದ್ರೆ ಇನ್ನೈದು ವರ್ಷ."

ಆತ ಇಲಿಕೋಣೆಗೆ ಹೋಗಿ ಕಿಟಕಿ ಮುಚ್ಚಿದ. ಪಂಜರದ ಹಳೇ ಮರದ ಹೊಟ್ಟನ್ನು ಚೆನ್ನಾಗಿ ಕೊಡವಿ, ಅದರ ಮೇಲೆ ಬಗ್ಗಿ, ದೀರ್ಘವಾಗಿ ಉಸಿರೆಳೆದುಕೊಂಡ. ಮಾರ್ಚಿನವರೆಗೂ ಒಂದು ದಿನವೂ ತಪ್ಪಿಸಲಿಲ್ಲ.

ಯೋಜನೆಯನ್ನು ಇನ್ನೈದು ವರ್ಷ ವಿಸ್ತರಿಸಲಾಯಿತು. ಆತನನ್ನು ವರ್ಷದ ಅತ್ಯುತ್ತಮ ಇಲಿಯೆಂದು ಘೋಷಿಸಿ ಶಾಲು ಹೊದಿಸಿದರು. ಕೆಮ್ಮುತ್ತಲೇ ಕೈಮುಗಿದ. ಗೇಟಿನ ವಾಚ್‌ಮನ್ ಮೇಡಂ ಕಡೆ ನೋಡುತ್ತಾ ಎರಡು ಸಲ ಜೋರಾಗಿ ಸೀನಿದ.

ಉಳಿದ ನಲವತ್ತು ಇಲಿಗಳು ಕೆಲಸಕ್ಕೆ ಅನರ್ಹವೆಂದು ತೀರ್ಮಾನವಾಯಿತು. ಅವನ್ನು ತೋಟಕ್ಕೆ ವರ್ಗ ಮಾಡಲಾಯಿತು.