ಐವತ್ತು ನಿಮಿಷ, ಎರಡು ನಿದ್ದೆ

ಒಂದು ಗಂಟೆ ಕೂಡಿಸಬೇಕಿತ್ತೋ, ಕಳೆಯಬೇಕಿತ್ತೋ? ನಿವಿಯಾಕ್ ದಿನಚರಿಯಲ್ಲಿ ಇಷ್ಟು ಬರೆದು, ಯಾರಾದರೂ ಓದಿಯಾರೆಂದು ಅಂಗೈಯಿಂದ ಮುಚ್ಚಿಕೊಂಡಳು. ಕೆನಡಾದ ಉತ್ತರದ ಹಿಮನಾಡು ನುನಾವುತ್‌ನ ಆ ಪುಟ್ಟ ವಿಮಾನ ನಿಲ್ದಾಣಕ್ಕೆ ಅವಳೊಬ್ಬಳೇ ಗುಮಾಸ್ತೆ. ಊರಿಗೆ ಅವಳೊಬ್ಬಳೇ ಪದವೀಧರೆ. ಪಶ್ಚಿಮದ ಅಕ್ಕುಲಿಕ್‌ನಿಂದ ಬರುವ ವಿಮಾನ ಅಲ್ಲಿಯ ಗಡಿಯಾರದ ಪ್ರಕಾರ ಹತ್ತಕ್ಕೆ ಇಲ್ಲಿ ಇಳಿಯುತ್ತದೆ. ಎರಡೂ ಊರಿಗೆ ಒಂದು ಗಂಟೆ ವ್ಯತ್ಯಾಸ. ಅವಳು ಕಳೆದಿದ್ದಳು. "ಮುನ್ನೂರು ಕಿಲೋಮೀಟರು, ಐವತ್ತು ನಿಮಿಷದ ಹಾರಾಟ, ಒಂಬತ್ತಕ್ಕೆ ಸರಿಯಾಗಿ ಇಲ್ಲಿ" ಎಂದು ಊರ ರೇಡಿಯೋದಲ್ಲಿ ಸಾರಿಯೂ ಆಗಿತ್ತು.

ಒಂಬತ್ತಕ್ಕೆ ಊರೇ ನೆರೆಯಿತು. ಅಕ್ಕುಲಿಕ್‌ನ ನೆಂಟರಿಗೆ ಕಳಿಸಲೆಂದು ತಂದ ಹೆಪ್ಪುಗಟ್ಟಿದ ಮೀನುಗಳು ಹೀಟರಿನ ಪಕ್ಕ ಪರೀಕ್ಷೆಗೆ ಕೂತ ಮಕ್ಕಳಂತೆ ಬೆವರತೊಡಗಿದವು. ಎಲ್ಲರಿಗಿಂತ ಮುಂದೆ, ಹೊಸ ತುಪ್ಪಳದ ಅಂಗಿಯಲ್ಲಿ ಉಕ್ಪಿಕ್ ಅಜ್ಜಿ. ಅಕ್ಕುಲಿಕ್‌ನಲ್ಲಿದ್ದ ತಂಗಿ ಸಿಲಾಪಿಯನ್ನು ನೋಡಿ ಹನ್ನೊಂದು ವರ್ಷವಾಗಿತ್ತು; ಈ ವಿಮಾನ ಮರಳುವಾಗ ಅದರಲ್ಲೇ ಹೊರಡುವವಳಿದ್ದಳು. ವಾರಕ್ಕೊಂದೇ ವಿಮಾನ.

ಹತ್ತಾಯಿತು. ಆಕಾಶ ಖಾಲಿ.

"ಏನಮ್ಮಾ ಪದವೀಧರೆ, ನಿನ್ನ ಐವತ್ತು ನಿಮಿಷ ಮರಿ ಹಾಕ್ತಾ?" ಎಂದ ಅಜ್ಜಿಯ ಪಕ್ಕದ ಮನೆಯ ತುಲುಗಾಕ್. ಎಲ್ಲರೂ ನಕ್ಕರು.

ನಿವಿಯಾಕ್ ತಲೆಯೆತ್ತಿದಳು. ಗೋಡೆಯ ಮೇಲೆ ಎರಡು ಗಡಿಯಾರ: ಇಲ್ಲಿಯದು ಹತ್ತು, ಅಕ್ಕುಲಿಕ್‌ನದು ಒಂಬತ್ತು. ಹಾಗಾದರೆ ಅಲ್ಲಿಯ ಹತ್ತೆಂದರೆ ಇಲ್ಲಿಯ ಹನ್ನೊಂದು! ಅವಳ ಕಿವಿಗಳು ಕಾದ ಕಾವಲಿಯಾದವು.

"ಫೋನಾದ್ರೂ ಮಾಡು ತಾಯಿ," ಎಂದಳು ಅಜ್ಜಿ.

ನಿವಿಯಾಕ್ ಫೋನೆತ್ತಿ, ಯಾವ ನಂಬರನ್ನೂ ಒತ್ತದೆ, ಕಿವಿಗಿಟ್ಟುಕೊಂಡಳು. "ಲೈನು... ಸರಿಯಿಲ್ಲ ಅಜ್ಜಿ."

"ಬಿಡು ಅದನ್ನ, ಇವತ್ತು ವಿಮಾನ ಬರಲ್ಲ!" ತುಲುಗಾಕ್ ಎದ್ದ. "ನಡುವೆ ಎರಡು ರಾತ್ರಿ ಮಲಗಿದ್ರೆ ಆಯ್ತು, ಎರಡು ನಿದ್ದೆಯ ದಾರಿ. ಹಿಮದ ಮೇಲೆ ಓಡೋ ನನ್ನ ಸ್ನೋಮೊಬೈಲ್ ಇದೆ. ಬಾ ಉಕ್ಪಿಕ್ ಅತ್ತೆ, ಇನ್ನೊಂದು ವಾರ ಯಾವನು ಕಾಯ್ತಾನೆ?"

ಈಗ ಹೇಳಬೇಕು, ಈಗ, ಎಂದುಕೊಂಡಳು ನಿವಿಯಾಕ್. ಬಾಯಿ ತೆರೆದಳು ಕೂಡ. "ನೋಡಿ, ಆಕಳಿಸ್ತಿದಾಳೆ!" ಎಂದರು ಯಾರೋ. ಬಾಯಿ ಮುಚ್ಚಿತು. ಅಜ್ಜಿ ಸ್ನೋಮೊಬೈಲಿನ ಹಿಂದೆ ಕಟ್ಟಿದ ಜಾರುಬಂಡಿಯಲ್ಲಿ ಜಿಂಕೆ ಚರ್ಮ ಹೊದ್ದು ಕೂತಳು. ಊರಲ್ಲೇ ಅತಿ ವೇಗದ ಗಾಡಿ. ಕೈಬೀಸುವಷ್ಟರಲ್ಲಿ ದಿಬ್ಬ ದಾಟಿತ್ತು.

ಹನ್ನೊಂದಕ್ಕೆ ಸರಿಯಾಗಿ ವಿಮಾನ ಇಳಿಯಿತು.

"ಸೋಮಾರಿ ಪೈಲಟ್!" "ಎರಡು ಗಂಟೆ ತಡ!" ಎಂದು ಊರೇ ಬಾಗಿಲಿಗೆ ಮುಗಿಬಿತ್ತು. ಇಳಿದವಳು ಒಬ್ಬಳೇ: ಪುಟ್ಟ ಮುದುಕಿ, ಕೈಯಲ್ಲೊಂದು ಬ್ಯಾಗು, ಮುಖದ ತುಂಬ ನಗು.

"ನಮ್ಮಕ್ಕ ಎಲ್ಲಿ? ಅವಳು ಹೊರಡೋದ್ರೊಳಗೆ ನಾನೇ ಬಂದುಬಿಡೋಣ ಅಂತ ಬಂದೆ. ಹೇಳಿರ್ಲಿಲ್ಲ, ಬೆಚ್ಚಿಬೀಳಲಿ ಅಂತ," ಎಂದಳು ಸಿಲಾಪಿ.

ಬೆಚ್ಚಿದ್ದು ಊರು. ಅಕ್ಕ ಎರಡು ನಿದ್ದೆ ಕಳೆದು, ತಂಗಿಯ ಬೀಗ ಹಾಕಿದ ಮನೆ ಮುಟ್ಟಲು ಹೊರಟಿದ್ದಳು.

"ಎಲ್ಲಾ ಈ ಪೈಲಟ್‌ನಿಂದ," ಎಂದರು ಹೆಂಗಸರು. "ನಮ್ಮ ನಿವಿಯಾಕ್ ಪಾಪ ಫೋನ್ ಕೂಡ ಮಾಡಿ ನೋಡಿದಳು. ಹೇಳೇ, ನೀನೇ ಹೇಳು!"

ಸಿಲಾಪಿ ಅವಳ ಕೈ ಹಿಡಿದು, "ಪುಣ್ಯಾತ್ಗಿತ್ತಿ, ನೀನೊಬ್ಬಳಾದ್ರೂ ಪ್ರಯತ್ನಪಟ್ಟೆಯಲ್ಲ," ಎಂದಳು.

ಆ ಕೈ ಬೆಚ್ಚಗಿತ್ತು. ನಿವಿಯಾಕ್‌ಗೆ ತಡೆಯಲಾಗಲಿಲ್ಲ.

"ಇಲ್ಲ ಅಜ್ಜಿ," ಎಂದಳು, ಎಲ್ಲರಿಗೂ ಕೇಳುವಂತೆ. "ವಿಮಾನ ಹನ್ನೊಂದಕ್ಕೆ ಅಂತ ನಿಮ್ಮಕ್ಕ ಹೊರಡೋ ಮುಂಚೇನೇ ನನಗೆ ಗೊತ್ತಿತ್ತು."