ಮಗಳ ಕ್ಯಾಮೆರಾ, ನನ್ನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಪಡೋನನ್ನ ನಗೆಪಾಟಲು ಹುಡುಕ್ಕೊಂಡು ಬರುತ್ತೆ. ನಾನೇನೂ ಕರೆದಿದ್ದಲ್ಲ. ಮಗಳಿಗೆ ಕ್ಯಾಮೆರಾ ತಗೊಂಡ ವರ್ಷ ಒಂದಾದ ಮೇಲೆ ಒಂದು ಬಂದವು.

ನಾನು ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯೋನು. ಓದಿದ್ದು ಮೂರನೇ ಕ್ಲಾಸು. ಎಂಬತ್ತರ ದಶಕ ಮುಗೀತಾ ಬಂದಿತ್ತು. ಹೆಂಡತಿ ತೀರಿಕೊಂಡು ವರ್ಷ ಆಗಿತ್ತು. ಮಗಳು ಒಂಬತ್ತನೇ ಕ್ಲಾಸು ಮುಗಿಸಿದ್ದಳು.

೧. ಮಾವ ಹೇಳವ್ರೆ

ನನ್ನ ಬಾಮೈದ, ಅಂದ್ರೆ ಹೆಂಡತಿ ತಮ್ಮ, ಕಲ್ಯಾಣದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಬೇಸಿಗೆ ರಜಕ್ಕೆ ಮಗಳು ಅಲ್ಲಿಗೆ ಹೋದಳು. ಅವನ ಹತ್ತಿರ ಅವಳಮ್ಮನ ಫೋಟೋ ಹನ್ನೆರಡು ಇದ್ದವು. ನನ್ನ ಹತ್ತಿರ ಒಂದು, ಮದುವೇದು. ಅದರಲ್ಲೂ ತಲೆ ಬಗ್ಗಿಸವಳೆ. ಬೈತಲೆ ಕಾಣುತ್ತೆ, ಮುಖ ಕಾಣಲ್ಲ.

ವಾಪಸ್ ಬಂದ ಮಗಳ ಬಾಯಲ್ಲಿ ಬರೀ ಮಾವ.

"ಅಪ್ಪಾ, ಹತ್ತಾದ ಮೇಲೆ ಇಂಟರ್ ಕಾಲೇಜು ಅಲ್ಲೇ ಓದ್ತೀನಿ. ಫೋಟೋ ಕೆಲಸಾನೂ ಕಲೀತೀನಿ. ಮಾವ ಒಳ್ಳೆ ಕ್ಯಾಮೆರಾ ಕೊಡಿಸ್ತೀನಿ ಅಂದವ್ರೆ."

ಹೆಂಡತಿ ಹೋದಳು. ಉಳಿದಿದ್ದವಳು ಇವಳೊಬ್ಬಳು. ಇವಳನ್ನೂ ಅವನೇ ಇಟ್ಕೊಂಡ್ರೆ?

"ಅವನ್ಯಾಕೆ ಕೊಡಿಸ್ತಾನೆ? ನಾನು ಸತ್ತಿದ್ದೀನಾ?" ಅಂದೆ.

ಆವತ್ತು ಸಾರಿಗೆ ಉಪ್ಪು ಹಾಕೋದು ಮರೆತಿದ್ದಳು. ನಾನು ಕೇಳೋಕೆ ಮುಂಚೆ ಅವಳೇ ಶುರು ಮಾಡಿದಳು. "ಅಪ್ಪಾ, ಮಾವ ಹೇಳವ್ರೆ, ಬೆಳಕು ಯಾವಾಗಲೂ ಪಕ್ಕದಿಂದ ಬರಬೇಕಂತೆ."

"ಉಪ್ಪು ಯಾವ ಕಡೆಯಿಂದ ಬರಬೇಕಂತೆ? ಅದನ್ನೂ ಕೇಳ್ಕೊಂಡು ಬಾ ಕಣಮ್ಮ" ಅಂದೆ.

೨. ತೂಕ

ಅವನು ಕೊಡಿಸೋಕೆ ಮುಂಚೆ ನಾನೇ ಕೊಡಿಸಬೇಕು ಅಂತ ಮಗಳನ್ನ ಕರ್ಕೊಂಡು ಹಿಂದೂಪುರದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಎರಡು ಕ್ಯಾಮೆರಾ ಇಟ್ಟ. ಒಂದು ಹೊಸದು, ಫಳಫಳ, ಹಗುರ. ಇನ್ನೊಂದು ಯಾರೋ ಬಳಸಿದ್ದು, ಕರ್ರಗೆ, ಕಲ್ಲಿನಂಗಿತ್ತು.

ರೇಷ್ಮೆಯವನಿಗೆ ಗೊತ್ತಿರೋದು ಒಂದೇ ವಿದ್ಯೆ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತೂಗಿದೆ. ಸೀರೆ ನೋಡೋ ಹಾಗೆ ತಿರುಗಿಸಿ ಬೆನ್ನು ನೋಡಿದೆ. ಬೆರಳಿಗೆ ಎಂಜಲು ಹಚ್ಚಿ, ಬಣ್ಣ ಬಿಡುತ್ತಾ ಅಂತ ಮುಂದಿನ ಗಾಜು ಉಜ್ಜಿದೆ.

ಅಂಗಡಿಯವನು ಕಿರುಚಿದ. "ಅಯ್ಯೋ! ಏಮಿ ಚೇಸ್ತುನ್ನಾವನ್ನಾ? ಏನ್ ಮಾಡ್ತಿದ್ದೀಯಣ್ಣಾ?"

"ನೋಡ್ತಾ ಇದೀನಿ. ಹಗುರ ಇರೋದು ಮೋಸ. ಕರೀದು ಕೊಡಿ."

ಹೊರಗೆ ನಿಂತಿದ್ದ ಮಗಳು ಓಡಿ ಬಂದಳು. ಕರೀದು ನೋಡಿ ಮುಖ ಅರಳಿತು. "ಅಪ್ಪಾ! ಮಾವ ಹೇಳಿದ್ದೂ ಇದನ್ನೇ!"

"ಹಂಗಾದ್ರೆ ಆ ಹೊಸದು ಕೊಡಿ" ಅಂದೆ.

೩. ಕಿವಿ

ಯಾವ ಕ್ಯಾಮೆರಾ ಅಂತ ನನಗೂ ಮಗಳಿಗೂ ಜಗಳ ಬಿತ್ತು. ಅವಳು ಕಾಗದ ಬರೆದಳು, ಬಿಡಿಸೋಕೆ ಬಾಮೈದ ಕಲ್ಯಾಣದುರ್ಗದಿಂದ ಬಸ್ಸು ಹತ್ತಿ ಬಂದೇ ಬಿಟ್ಟ. ಇಸ್ತ್ರಿ ಅಂಗಿ, ಸೆಂಟು. ಮೂವರೂ ಹೋದಾಗ ಅಂಗಡಿಯವನು ಅವನಿಗೆ ಕುರ್ಚಿ ಹಾಕಿದ. ನನಗೆ ಹಾಕಲಿಲ್ಲ.

"ಭಾವ, ಹೊಸದು ಆಟದ ಸಾಮಾನು ಕಣ್ರೀ. ಅದರಲ್ಲಿ ಎಲ್ಲಾ ಅದೇ ಮಾಡ್ಕೊಳ್ಳುತ್ತೆ, ಮಗು ಏನೂ ಕಲಿಯಲ್ಲ. ಇದರಲ್ಲಿ ಬೆಳಕು ನಾವೇ ಅಳೀಬೇಕು, ದೂರ ನಾವೇ ನೋಡ್ಕೋಬೇಕು. ತಪ್ಪು ಮಾಡಿ ಮಾಡಿ ಕೈ ಕೂರುತ್ತೆ."

ಮಾತು ಸರಿಯಾಗಿತ್ತು. ಅದಕ್ಕೇ ಇನ್ನೂ ಉರೀತು. ಮಗ್ಗಾನೂ ಹಂಗೇ ತಾನೆ ಕಲಿಯೋದು. ನಾನು ಹೇಳಬೇಕಾದ ಮಾತು ಅವನು ಹೇಳಿದ್ದ.

ಅವನು ಕ್ಯಾಮೆರಾ ಕಿವಿಗೆ ಹಿಡಿದು ಟಕ್ ಟಕ್ ಅಂತ ಒತ್ತಿದ. "ಫಸ್ಟ್ ಕ್ಲಾಸ್" ಅಂದ. ನಾನೂ ಕಸಕೊಂಡು ಕಿವಿಗಿಟ್ಟೆ. ಹೊಟ್ಟೆಕಿಚ್ಚಿಗೇ ಇಟ್ಟಿದ್ದು. ಆದ್ರೆ ಸದ್ದು ಎಲ್ಲೋ ಎಳೀತಿತ್ತು.

"ಇದು ತಡವರಿಸ್ತಾ ಅದೆ. ನಮ್ಮ ಮಗ್ಗದ ಲಾಳಿ ಹಿಂಗೆ ಸದ್ದು ಮಾಡಿದ್ರೆ ಮುಂದಿನ ಮೊಳಕ್ಕೆ ದಾರ ಕಡೀತದೆ."

ಬಾಮೈದ ನಕ್ಕ. ಅಂಗಡಿಯವನು ನಗಲಿಲ್ಲ. ಬಿಚ್ಚಿ ನೋಡಿದ. ಬೆಳಕು ಬಿಡೋ ಒಳಗಿನ ಪರದೆ ಒತ್ತಿದಾಗೆಲ್ಲ ಅಂಟ್ಕೊತಿತ್ತು. ಒಳಗಿಂದ ಅದೇ ಜಾತೀದು ಇನ್ನೊಂದು ತಂದ. ಆಮೇಲೆ ನನಗೂ ಒಂದು ಕುರ್ಚಿ ಹಾಕಿದ.

ಮಗಳು ಅಂದಳು, "ಮಾವ, ನಿಮ್ಮ ಕಿವಿಗೆ ಎಣ್ಣೆ ಬಿಟ್ಕೊಳ್ಳಿ."

ಆವತ್ತು ಬಾಮೈದನಿಗೆ ಎರಡು ದೋಸೆ ಕೊಡಿಸಿದೆ.

೪. ಆಯುಧಪೂಜೆ

ಕ್ಯಾಮೆರಾ ತಗೊಂಡು ಮಗಳು ಮೊದಲು ಹೋದದ್ದೆಲ್ಲಿಗೆ? ಕಲ್ಯಾಣದುರ್ಗಕ್ಕೆ.

ಅವಳು ಬಂದ ಮೇಲೆ ಆಯುಧಪೂಜೆ. ಅವಳು ಹೂವು ತರೋಕೆ ಹೋಗಿದ್ದಳು. ಮಗ್ಗಕ್ಕೆ ಹೊರಗೆ ಬೊಟ್ಟಿಟ್ಟರೆ ಸಾಲದು, ಒಳಗೂ ಧೂಳು ಹೊಡೆದು ಇಡಬೇಕು. ನಮ್ಮಲ್ಲಿ ಹಂಗೇ. ಕ್ಯಾಮೆರಾಕ್ಕೂ ಅದೇ ಮರ್ಯಾದೆ ಮಾಡೋಣ ಅಂತ ಅಂಗಳದಲ್ಲಿ ಕೂತು ಅದೂ ಇದೂ ಎಳೆದೆ. ಬೆನ್ನು ಬಾಯಿ ಬಿಟ್ಟಿತು. ಒಳಗೆ ಕಂದು ಪಟ್ಟಿ. ನೂಲಿನವನ ಕೈ, ಎಷ್ಟುದ್ದ ಅದೆ ಅಂತ ಎಳೆದೆ. ಎಳೆದಷ್ಟೂ ಬಂತು. ಪೂರಾ ಬಿಸಿಲಿಗೆ ಹಿಡಿದು ಒರೆಸಿದೆ.

ಮಗಳು ಬಂದು ನೋಡಿ ಹೂವು ಕೆಳಗಿಟ್ಟಳು. "ಅಪ್ಪಾ, ಬಿಸಿಲು ಬಿದ್ದು ರೀಲು ಪೂರ್ತಿ ಹೋಯ್ತು. ಮೂವತ್ತಾರು ಫೋಟೋ!"

ಪಟ್ಟೀನ ಮತ್ತೆ ಒಳಗೆ ತುರುಕೋಕೆ ನೋಡಿದೆ. "ಏನೇನಿತ್ತಮ್ಮ ಅದರಲ್ಲಿ?"

"ಎಲ್ಲಾ ಮಾವನ ಮನೇವು."

ಪಾಪ ಅನ್ನಿಸಿತು. ಆದ್ರೂ ಸುಳ್ಳು ಯಾಕೆ ಹೇಳಲಿ, ಪೂಜೆ ಇಷ್ಟು ಬೇಗ ಫಲ ಕೊಟ್ಟಿದ್ದು ಅದೊಂದೇ ಸಲ.

೫. ಶೋಕೇಸು

ಹತ್ತನೇ ಪರೀಕ್ಷೆ ಮುಗೀತು. ಮಗಳು ಎರಡನೇ ರೀಲು ತೊಳೆಸೋಕೆ ಕಲ್ಯಾಣದುರ್ಗಕ್ಕೆ ಹೋದಳು. ವಾರ ಆದರೂ ಬರಲಿಲ್ಲ. ಅಲ್ಲೇ ಕಾಲೇಜಿಗೆ ಸೇರಿಬಿಟ್ಟಳು ಅಂದ್ಕೊಂಡೆ. ಸೀರೆ ಮಗ್ಗದ ಮೇಲೆ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವನಿಗೆ ಏನು ಬೈಬೇಕು ಅಂತ ಜೋಡಿಸ್ಕೊಂಡೆ.

ಸ್ಟುಡಿಯೋ ಮುಂದೆ ಜನ ನಿಂತು ನಗ್ತಿದ್ದರು. ಶೋಕೇಸಿನಲ್ಲಿ ಮದುವಣಗಿತ್ತಿಯರು, ಬೋಳುಮಂಡೆ ಮಕ್ಕಳು. ನಡುವೆ ಎಲ್ಲರಿಗಿಂತ ದೊಡ್ಡದಾಗಿ ಒಬ್ಬ ಮುದುಕ, ಮಗ್ಗದ ಮೇಲೆ ಒರಗಿ ಬಾಯಿ ತೆಕ್ಕೊಂಡು ಮಲಗವನೆ. ಲಾಳಿ ಇನ್ನೂ ಕೈಯಲ್ಲೇ ಅದೆ. ಪಕ್ಕದಿಂದ ಬೆಳಕು. ಯಾರಪ್ಪ ಈ ಮುದುಕ ಅಂತ ನಾನೂ ನಕ್ಕೆ. ಆಮೇಲೆ ಅಂಗಿ ಗುರುತು ಸಿಕ್ತು.

ಮಗ್ಗದ ಮೇಲೆ ತೂಕಡಿಸೋದು ನನ್ನ ಹಳೇ ಚಾಳಿ. ಅವಳಮ್ಮ ಇದ್ದಿದ್ರೆ ಬೆನ್ನಿಗೊಂದು ಗುದ್ದಿ ಎಬ್ಬಿಸೋಳು. ಇವಳು ಫೋಟೋ ತೆಗೆದವಳೆ.

"ತೆಗಿಯಯ್ಯ ಅದನ್ನ!" ಅಂತ ಬಾಮೈದನ ಮೇಲೆ ಹೋದೆ.

"ತೆಗಿಯಲ್ಲ ಭಾವ! ನನ್ನ ಹೊಟ್ಟೆ ಉರಿಗೇ ಹಾಕಿರೋದು. ಒಂದು ವರ್ಷ ನಾನು ಕಲಿಸಿದೀನಿ. ರೀಲು ತೊಳೆದು ನೋಡಿದ್ರೆ ಮೂವತ್ತೊಂದು ನಿಮ್ಮವೇ. ನಂದು ಒಂದು. ಅದರಲ್ಲೂ ತಲೆ ಇಲ್ಲ!"

"ಮತ್ತೆ ಕಾಲೇಜು?"

"ಇಲ್ಲೇ ಇರು ಅಂತ ವಾರದಿಂದ ಬೇಡ್ಕೊತಾ ಇದೀನಿ. 'ಅಲ್ಲಿ ಅಪ್ಪ ಮಲಗಿರೋದನ್ನ ಫೋಟೋ ಯಾರು ತೆಗೀತಾರೆ ಮಾವ, ನಾಳೆ ಹಿಂದೂಪುರಕ್ಕೆ ಹೋಯ್ತೀನಿ' ಅಂತವಳೆ."

ಒಳಗಿಂದ ಮಗಳು ಇಣುಕಿ ನೋಡಿದಳು. ನಾನು ಕಣ್ಣು ಒರೆಸ್ಕೊಂಡೆ. ಬಸ್ಸಿನ ಧೂಳು.

"ಇರಲಿ ಬಿಡು, ನಾಲ್ಕು ದಿನ ಇರಲಿ ಶೋಕೇಸಿನಲ್ಲಿ" ಅಂದೆ.

ಅವನು ನಾಲ್ಕು ವರ್ಷ ಇಟ್ಟ. ಆಮೇಲೆ ಯಾವಾಗ ಹೋದರೂ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಟೀ ಅಂಗಡಿಯವನು ಗಾಬರಿಯಾದೋನ ಹಾಗೆ ಎದ್ದು ನಿಲ್ತಿದ್ದ.

"ಏಮನ್ನಾ, ಲೇಚಿನಾವಾ? ಎದ್ಬುಟ್ರಾ?"