ಕೂಸಿನ ಚಕ್ಕುಬಂದಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಕೂಸು ಹಿಡಿದುಕೊಳ್ಳುವ ಕೆಲಸವು ಬಹುಕಾಲ ಯಾವುದೇ ಆದೇಶವಿಲ್ಲದೆ ನಡೆದದ್ದು ವಿಷಾದದ ಸಂಗತಿ.

ಹೊಸಬಾಳೆಯಲ್ಲಂತೂ ಹಾಡಹಗಲೇ ನಡೆಯುತ್ತಿತ್ತು. ಬಾಣಂತಿ ಮೀಯುವಾಗ, ಉಣ್ಣುವಾಗ, ಮಲಗುವಾಗ ತಿಮ್ಮಮ್ಮ ಮತ್ತವಳ ಗೆಳತಿಯರು ಹೋಗಿ ಕೂಸು ಹಿಡಿದುಕೊಳ್ಳುತ್ತಿದ್ದರು. ಅವಳಿ ಹೆತ್ತ ಮೈತ್ರಿ ಎರಡು ಗಳಿಗೆ ನಿದ್ದೆ ಕಂಡದ್ದೇ ಇವರಿಂದ. ಊರು ಇವರನ್ನು ‘ಕೂಸು ಹಿಡಿಯೋರು’ ಎನ್ನುತ್ತಿತ್ತು. ಈ ಕೆಲಸಕ್ಕೆ ಕೈ ಇದ್ದರೆ ಸಾಕು ಎಂಬ ಅಜ್ಞಾನ ಅಷ್ಟು ಆಳಕ್ಕೆ ಬೇರುಬಿಟ್ಟಿತ್ತು.

ಇಂಥ ಗುಂಪುಗಳನ್ನು ಉಳಿಸಲು ಶಿಕಾರಿಪುರದಲ್ಲಿ ‘ಪಾಲಕರ ಬೆಂಬಲ ಗುಂಪುಗಳ ಸುಸ್ಥಿರತಾ ಕಚೇರಿ’ ತೆರೆಯಿತು. ಕಚೇರಿಗೆ ಜೀಪು, ಕುರ್ಚಿ, ಬೋರ್ಡು ಬಂದವು. ಹೊಸಬಾಳೆಗೆ ಬೋರ್ಡಿನ ಫೋಟೋ ಬಂತು.

ಅಧಿಕಾರಿ ಮಹೇಶ್ವರಪ್ಪನವರು ಮೊದಲು ಜಮೀನು ಅಳೆಯುತ್ತಿದ್ದವರು. ಗುಂಪಿನ ಹೆಸರನ್ನು ತಿದ್ದಿ ‘ಕೂಸು ಹಿಡುವಳಿದಾರರು’ ಎಂದು ಬರೆದರು. ಹಿಡುವಳಿ ಎಂದಮೇಲೆ ಜಮೀನಿನ ನಿಯಮಗಳೆಲ್ಲ ತಾವಾಗಿಯೇ ಅನ್ವಯವಾದವು. ಪ್ರತಿ ಕೂಸಿಗೂ ನಾಲ್ಕು ದಿಕ್ಕಿನ ಚಕ್ಕುಬಂದಿ ಬೇಕಾಯಿತು. ಮೈತ್ರಿಯ ಹಿರಿ ಕೂಸಿಗೆ ಪೂರ್ವಕ್ಕೆ ತಾಯಿ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ತಮ್ಮ, ದಕ್ಷಿಣಕ್ಕೆ ಒದ್ದೆ ಬಟ್ಟೆ. ‘ದಕ್ಷಿಣದ ಗಡಿ ಆಗಾಗ ವಿಸ್ತರಿಸುತ್ತಿದೆ’ ಎಂದು ಷರಾ ಬಿತ್ತು. ಹಾಲೂಡುವುದನ್ನು ನೀರಾವರಿ ಎಂದು ಪರಿಗಣಿಸಿ ವಿನಾಯಿತಿ ನೀಡಲಾಯಿತು.

ಮುಖ್ಯ ನಿಯಮ ಇದು: ಕೂಸು ಕೈ ಬದಲಾದರೆ ಖಾತೆ ಬದಲಾಗಬೇಕು. ಆಕ್ಷೇಪಣೆಯ ಅವಧಿ ಮುಗಿಯುವವರೆಗೆ ಕೂಸು ಹಿಡಿದವರ ಕೈಯಲ್ಲೇ ಇರತಕ್ಕದ್ದು.

ಆಮೇಲೆ ಯಾರೂ ಯಾರ ಕೂಸನ್ನೂ ಮುಟ್ಟಲಿಲ್ಲ. ಮೈತ್ರಿಯ ಗಂಡ ಅರುಣ ಮರೆತು ಕಿರಿಯದನ್ನು ಎತ್ತಿಕೊಂಡವನು, ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಗದ್ದೆಗೆ ಹೋಗುತ್ತಿದ್ದ. ನಿದ್ದೆಗೆಟ್ಟ ಮೈತ್ರಿ ಸಾರಿಗೆ ಸಕ್ಕರೆ ಹಾಕಿದಳು, ಅರುಣನನ್ನು ‘ಚಿಕ್ಕಪ್ಪಾ’ ಎಂದು ಕರೆದಳು. ಕೊನೆಗೆ ಅವನನ್ನೂ ತಿಮ್ಮಮ್ಮನನ್ನೂ ಕರೆದುಕೊಂಡು ಕಚೇರಿಗೆ ಹೋದಳು.

“ಸಾಹೇಬ್ರೇ, ನಂಗೊಂದು ನಿದ್ದೆ ಬೇಕು.”

“ಅರ್ಜಿ ಬರ್ಕೊಡ್ರಮ್ಮಾ.”

“ಕೈ ತುಂಬ ಕೂಸಿದೆಯಲ್ರೀ. ಬರಿಯೋದು ಹ್ಯಾಂಗೆ?”

ಮಹೇಶ್ವರಪ್ಪನವರು ಕಲ್ಲುಮನಸ್ಸಿನವರಲ್ಲ. “ಕೊಡಿಲ್ಲಿ, ಬರಿಯೋ ತನಕ” ಎಂದು ಕೈ ಚಾಚಿದರು.

ಮೈತ್ರಿ ಕೊಟ್ಟಳು. ಅರುಣನೂ ಬೆನ್ನಿನ ಕಟ್ಟು ಬಿಚ್ಚಿ ಇನ್ನೊಂದನ್ನು ಅವರ ಮಡಿಲಿಗಿಟ್ಟ.

“ಕೈ ಬದಲಾಯ್ತಲ್ರೀ!” ಎಂದಳು ತಿಮ್ಮಮ್ಮ.

“ಏ, ತಗೊಳ್ರೀ ವಾಪಸ್!”

“ಅವಧಿ ಮುಗೀಲಿ ಸಾಹೇಬ್ರೇ. ನಿಯಮ ಮುರಿಯೋಕೆ ನಾವ್ಯಾರು?”

ಮಹೇಶ್ವರಪ್ಪನವರು ನಿಯಮವನ್ನು ಎರಡು ಸಲ ಓದಿದರು. ಸ್ವಂತ ಬರವಣಿಗೆ, ಎಲ್ಲೂ ಸಂದಿ ಇರಲಿಲ್ಲ. ಅಷ್ಟರಲ್ಲಿ ದಕ್ಷಿಣದ ಗಡಿ ಅವರ ಅಂಗಿಯವರೆಗೆ ವಿಸ್ತರಿಸಿತು. ಮೈತ್ರಿ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಳು. ನೀರಾವರಿಯ ಹೊತ್ತಿಗೆ ಮಾತ್ರ ಎಬ್ಬಿಸುವಂತೆ ಆದೇಶವಾಯಿತು.

ಸುದ್ದಿ ಕೇಳಿ ಚಂದ್ರಗುತ್ತಿಯಿಂದ, ಬಂದಳಿಕೆಯಿಂದ ತಾಯಂದಿರು ಅರ್ಜಿ ಬರೆಯಲು ಬಂದರು. ಗುಮಾಸ್ತರಿಂದ ಜೀಪಿನ ಚಾಲಕನವರೆಗೆ ಎಲ್ಲರ ಕೈಯಲ್ಲೂ ಕೂಸು. ಪೆನ್ನು ಹಿಡಿಯಲು ಕೈಯಿಲ್ಲದೆ ಹೊಸ ನಿಯಮಗಳು ನಿಂತವು. ಇದಕ್ಕೆ ಯಾರೂ ಆಕ್ಷೇಪಣೆ ಸಲ್ಲಿಸಲಿಲ್ಲ.

ವಾರ್ಷಿಕ ವರದಿಯನ್ನು ಮಹೇಶ್ವರಪ್ಪನವರು ಬಾಯಲ್ಲೇ ಒಪ್ಪಿಸಿದರು: “ಗುಂಪುಗಳು ಸುಸ್ಥಿರವಾಗಿವೆ.” ಪಿಸುಮಾತಿನಲ್ಲಿ ಹೇಳಿದರು. ಕೂಸುಗಳು ಆಗಷ್ಟೇ ಮಲಗಿದ್ದವು.